ಬೀರುವಿನ ಕೀಲಿ

ಅಮ್ಮನ ಫೋನು 16 ಜಿಬಿಯದ್ದು. ಅದು ಡಬ್ಬದ ಮೇಲಿನ ಲೆಕ್ಕ. ಸಿಸ್ಟಮ್ಮು ತನ್ನ ಪಾಲು ತಗೊಂಡ ಮೇಲೆ ಅಮ್ಮನಿಗೆ ಉಳಿದಿದ್ದು ಹತ್ತು ಜಿಬಿ ಆಸುಪಾಸು. ಅದರಲ್ಲೂ ಅರ್ಧ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಗುಲಾಬಿಗಳಿಗೇ ಹೋಗ್ತಿತ್ತು. ವಾರಕ್ಕೊಮ್ಮೆ ಕಾಲ್ ಬರೋದು. "ಜಾಗ ಇಲ್ಲ ಅಂತಿದೆ ಕಣೋ, ಯಾವುದನ್ನ ಅಳಿಸ್ಲಿ?"

ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದು ಇನ್ಯಾವಾಗ ಉಪಯೋಗಕ್ಕೆ ಬರಬೇಕು? ಒಂದು ಭಾನುವಾರ ಊರಿಗೆ ಹೋಗುವಾಗ 64 ಜಿಬಿಯ ಮೆಮೊರಿ ಕಾರ್ಡ್ ತಗೊಂಡು ಹೋಗಿ ಹಾಕಿದೆ. ಆದ್ರೂ ಅದೇ ಹಾಡು, ಜಾಗ ಇಲ್ಲ. ಗುಲಾಬಿಗಳೂ ಆ್ಯಪ್‌ಗಳೂ ಕಾರ್ಡಿಗೆ ಹೋಗೋಕೆ ತಯಾರಿಲ್ಲ. ಜಗಲಿಯೆಲ್ಲ ಖಾಲಿ ಇದ್ರೂ ನೆಂಟರೆಲ್ಲ ಅಡುಗೆಮನೆಯಲ್ಲೇ ಒತ್ತಿಕೊಂಡು ಕೂತ ಹಾಗೆ.

ಇದಕ್ಕೊಂದು ದಾರಿ ಇತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6.0ರಿಂದ ಕಾರ್ಡನ್ನು ಎರಡು ಥರ ಬಳಸಬಹುದು. 'ಪೋರ್ಟಬಲ್' ಅಂದ್ರೆ ಹಳೇ ಥರ, ಕಿತ್ತು ಯಾವ ಲ್ಯಾಪ್‌ಟಾಪಿಗಾದ್ರೂ ಹಾಕಿ ನೋಡಬಹುದು. 'ಇಂಟರ್ನಲ್' ಅಂದ್ರೆ ಫೋನು ಆ ಕಾರ್ಡನ್ನು ದತ್ತು ತಗೊಂಡ ಹಾಗೆ. ಫಾರ್ಮ್ಯಾಟ್ ಮಾಡಿ, ಎನ್‌ಕ್ರಿಪ್ಟ್ ಮಾಡಿ, ತನ್ನದೇ ಜಾಗ ಅಂತ ಲೆಕ್ಕ ಹಾಕ್ಕೊಳ್ಳುತ್ತೆ. ಈ ಕಾರ್ಡು ಇನ್ಮೇಲೆ ಈ ಫೋನಲ್ಲಿ ಮಾತ್ರ ಕೆಲಸ ಮಾಡುತ್ತೆ ಅನ್ನೋ ಎಚ್ಚರಿಕೆಯೂ ಪರದೆ ಮೇಲೆ ಬಂತು. ನಾವು ಎಷ್ಟು ಎಚ್ಚರಿಕೆಗಳನ್ನ ಓದ್ತೀವಿ ಹೇಳಿ? ಇಂಟರ್ನಲ್ ಒತ್ತಿದೆ, ಇದ್ದದ್ದೆಲ್ಲ ಕಾರ್ಡಿಗೆ ಸಾಗಿಸಿದೆ. ಜಾಗವೋ ಜಾಗ. ಅಮ್ಮ ಅವತ್ತು ಹೋಳಿಗೆ ಮಾಡಿದ್ದಳು.

ಆ ಜಾಗದಲ್ಲಿ ಅಮ್ಮ ಏನು ತುಂಬಿದಳು ಅಂತ ಆಮೇಲೆ ಗೊತ್ತಾಯ್ತು. ಅಜ್ಜಿ ಆಗ ನಮ್ಮನೇಲೇ ಇದ್ರು. ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಸೋಬಾನೆ ಪದ ಹೇಳೋರು. ಅಮ್ಮ ಪಕ್ಕದಲ್ಲಿ ಫೋನಿಟ್ಟು ರೆಕಾರ್ಡ್ ಮಾಡ್ಕೊಂಡಿದ್ದಳು. ಹನ್ನೊಂದು ಹಾಡು. ಮುಂದಿನ ಮಳೆಗಾಲಕ್ಕೆ ಅಜ್ಜಿ ಹೋದ್ರು. ಅದಾಗಿ ಆರು ತಿಂಗಳಿಗೆ ಫೋನು ನೀರಿನ ಬಕೆಟ್ಟಿಗೆ ಬಿತ್ತು.

"ಕಾರ್ಡ್ ಇದೆಯಲ್ಲ, ಹೆದರ್ಬೇಡ" ಅಂದೆ. ಲ್ಯಾಪ್‌ಟಾಪಿಗೆ ಹಾಕಿದರೆ, ಇದನ್ನು ಫಾರ್ಮ್ಯಾಟ್ ಮಾಡಲಾ ಅಂತ ಕೇಳ್ತು. ಅಂಗಡಿ ಅಂಗಡಿ ಅಲೆದೆ. ಕಾರ್ಡಿಗೆ ಏನೂ ಆಗಿರಲಿಲ್ಲ, ಹಾಡುಗಳೂ ಅದರೊಳಗೇ ಇದ್ದವು. ಆದ್ರೆ ಅದನ್ನು ಬಿಡಿಸುವ ಕೀ ಇದ್ದದ್ದು ಸತ್ತ ಫೋನಿನ ಹೊಟ್ಟೆಯಲ್ಲಿ. ಬೋರ್ಡೇ ಹೋಗಿದೆ, ರಿಪೇರಿ ಆಗಲ್ಲ ಅಂದ್ರು.

ಅಮ್ಮನಿಗೆ ಇದನ್ನ ಹೇಳೋಕೆ ಎರಡು ದಿನ ತಗೊಂಡೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಬೀರು ಇಲ್ಲಿದೆ, ಕೀಲಿ ಬಾವಿಗೆ ಬಿತ್ತು" ಅಂದಳು. ಆ ಕೀಲಿಯನ್ನ ಬಾವಿ ಕಟ್ಟೆ ಮೇಲೆ ಇಟ್ಟವನು ನಾನೇ ಅಂತ ಅವಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕಳ್ಳರ ಕೈಗೆ ಫೋಟೋ ಸಿಗದಿರಲಿ ಅಂತಲೇ ಈ ಬೀಗ, ಅದನ್ನ ತಪ್ಪು ಅನ್ನಲ್ಲ. ಆದ್ರೆ ಕೈಯಲ್ಲಿ ಹಿಡಿದು ಕಿತ್ತಿಡಬಹುದಾದ ವಸ್ತುವನ್ನ ನಾವು ನಮ್ಮದು ಅಂದ್ಕೊಳ್ತೀವಿ. ಫೋನು ಹಾಗೆ ಅಂದ್ಕೊಳ್ಳಲ್ಲ. ನಿಮ್ಮಮ್ಮನ ಫೋನಿಗೆ ಕಾರ್ಡ್ ಹಾಕೋದಿದ್ರೆ ಪೋರ್ಟಬಲ್ ಅಂತಲೇ ಹಾಕಿ, ಮುಖ್ಯವಾದದ್ದರ ಇನ್ನೊಂದು ಕಾಪಿ ಬೇರೆ ಕಡೆ ಇಡಿ. ಇಂಟರ್ನಲ್ ಒತ್ತೋದಾದ್ರೆ ಕಾಪಿ ಮೊದಲು, ಒತ್ತೋದು ಆಮೇಲೆ.

ಹೋದ ತಿಂಗಳು ಅಮ್ಮನನ್ನ ಕೂರಿಸಿಕೊಂಡು, ನೆನಪಿರೋ ಹಾಡು ಹೇಳು ಅಂದೆ. ಹನ್ನೊಂದರಲ್ಲಿ ಮೂರು ಬಂದವು, ನಾಲ್ಕನೆಯದು ಅರ್ಧಕ್ಕೆ ನಿಂತಿತು. ಮೂರೂವರೆ ಹಾಡು ಈಗ ನನ್ನ ಲ್ಯಾಪ್‌ಟಾಪಲ್ಲಿ, ಹಾರ್ಡ್ ಡಿಸ್ಕಲ್ಲಿ, ತಂಗಿಯ ಫೋನಲ್ಲಿ ಇವೆ.

ಆ ಕಾರ್ಡನ್ನ ಅಮ್ಮ ಎಸೆದಿಲ್ಲ. ಕುಂಕುಮದ ಭರಣಿಯ ಪಕ್ಕ, ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದಾಳೆ. "ಮುಂದೆ ಯಾರಾದ್ರೂ ತೆಗೀಬಹುದು ಅಲ್ವೇನೋ?" ಅಂತ ಕೇಳಿದಳು. ನಾನು ಇಂಜಿನಿಯರು, ಉತ್ತರ ಗೊತ್ತಿತ್ತು.

"ಇಟ್ಟಿರು" ಅಂದೆ.