ಆದವಾನಿಯ ಕಾಲುದಾರಿಗಳು

ಗುಂತಕಲ್ಲಿನಿಂದ ರಾಯಚೂರಿನ ಕಡೆಗೆ ಹೊರಟ ರೈಲು ಆದವಾನಿಯನ್ನು ಸಮೀಪಿಸುತ್ತಿದ್ದಂತೆ ಬಯಲಿನ ನಡುವೆ ಬಂಡೆಗಳ ಬೆಟ್ಟಸಾಲು ಎದ್ದು ಕಾಣುತ್ತದೆ. ನಿಲ್ದಾಣದಲ್ಲಿ ಊರು ಆದೋನಿ. ನಮ್ಮ ಮನೆಗಳಲ್ಲಿ ಇಂದಿಗೂ ಆದವಾನಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರ ರಾಜ್ಯಕ್ಕೆ ಸೇರಿದ ತಾಲ್ಲೂಕುಗಳಲ್ಲಿ ಆಲೂರು, ರಾಯದುರ್ಗಗಳ ಜೊತೆಗೆ ಇದೂ ಒಂದು.

ಈ ಊರನ್ನು ತಿಳಿಯಬೇಕಾದರೆ ನಡೆದೇ ನೋಡಬೇಕು. ಕೋಟೆಯು ಐದು ಕಲ್ಲುಗುಡ್ಡಗಳ ಮೇಲೆ ಹರಡಿದೆ. ಅವುಗಳಲ್ಲಿ ಎತ್ತರವಾದ ಬಾರಾಕಿಲ್ಲಾ, ತಾಲಿಬಂಡಗಳು ಬಯಲಿನಿಂದ ಸುಮಾರು 800 ಅಡಿ ಮೇಲಿವೆ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅರ್ಧ ದಾರಿಯಲ್ಲಿ ಎಂದೂ ಬತ್ತದ ಕೊಳವೊಂದಿದೆ ಎಂಬ ಮಾತೂ ಅಲ್ಲಿಯೇ ದಾಖಲಾಗಿದೆ. ಏರುವವನು ಎಲ್ಲಿ ದಣಿಯುವನೋ ಅಲ್ಲಿಯೇ ನೀರು! ರಣಮಂಡಲದ ಆಂಜನೇಯನ ದರ್ಶನಕ್ಕೆ ಮೆಟ್ಟಿಲೇರುವ ಅಜ್ಜಿಯರಿಗೆ ಈ ಜಾಣ್ಮೆಯ ಬೆಲೆ ಗೊತ್ತು.

ಬೆಟ್ಟದಿಂದ ಇಳಿದರೆ ಪೇಟೆ, ಹತ್ತಿಯ ವ್ಯಾಪಾರ, ರೈಲುಹಳಿ. 1871ರಲ್ಲಿ ಮದ್ರಾಸಿನ ಹಳಿಯು ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿದ್ದು ಈ ದಾರಿಯಾಗಿಯೇ. ರೈಲು ಊರಿಗೆ ಸಂಪತ್ತನ್ನು ತಂದಿತು. ಜೊತೆಗೆ ದಾಟಬೇಕಾದ ಗೆರೆಯೊಂದನ್ನೂ ಎಳೆಯಿತು. ಹಳಿಯನ್ನು ಅಕ್ರಮವಾಗಿ ದಾಟಿದರೆ 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಆದರೂ ದೇಶದ ಎಷ್ಟೋ ಊರುಗಳಲ್ಲಿ ಜನ ಹಳಿಯನ್ನೇ ದಾಟುತ್ತಾರೆ. ಇದು ಕೇವಲ ಅವಿವೇಕವೇ?

ಲೆಕ್ಕ ಹಾಕಿ ನೋಡೋಣ. ವಿದ್ಯುತ್ ತಂತಿಯ ಮೇಲೆ ಹಾಯುವ ಕಾಲುಸೇತುವೆ ಆರು ಮೀಟರಿಗಿಂತ ಎತ್ತರವಿರಬೇಕು. ಸುಮಾರು ನಲವತ್ತು ಮೆಟ್ಟಿಲು ಏರಿ, ಅಷ್ಟೇ ಇಳಿಯಬೇಕು. ಚೀಲ ಹೊತ್ತ ಮಗು, ಮಂಡಿನೋವಿನ ಅಜ್ಜ, ತರಕಾರಿ ಗಂಟು ಹೊತ್ತ ತಾಯಿ ಇವರಿಗೆ ಅದು ದಿನನಿತ್ಯದ ಬೆಟ್ಟ. ಗಾಲಿಕುರ್ಚಿಯೂ ಸಾಗುವಂತೆ ಹನ್ನೆರಡಕ್ಕೆ ಒಂದರ ಇಳಿಜಾರು ಕಟ್ಟಬೇಕೆಂದರೆ ಆರು ಮೀಟರ್ ಎತ್ತರಕ್ಕೆ ಒಂದೊಂದು ಬದಿಗೂ 72 ಮೀಟರ್ ಉದ್ದ ಬೇಕು. ಹಳಿಯ ಕೆಳಗಿನ ದಾರಿಯಾದರೆ ಏರಿಳಿತ ಕಡಿಮೆ, ಆದರೆ ಮಳೆನೀರು ನಿಲ್ಲದಂತೆ ನೋಡಬೇಕು. ಜಾಗ, ಹಣ, ರೈಲ್ವೆಯ ಒಪ್ಪಿಗೆ ಇವನ್ನೆಲ್ಲ ಪುರಸಭೆ ತೂಗಲೇಬೇಕು. ಎಲ್ಲಕ್ಕಿಂತ ಮೊದಲು ತೂಗಬೇಕಾದದ್ದು ಒಂದೇ: ಜನರ ಕಾಲು ಈಗ ಎಲ್ಲಿ ದಾಟುತ್ತಿದೆ? ಸೇತುವೆ ಅಲ್ಲಿಗೆ ಬರದಿದ್ದರೆ ಅದು ಖಾಲಿಯಾಗಿಯೇ ಉಳಿಯುತ್ತದೆ.

ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ್ದು ನಡೆಯುವವರಿಗಾಗಿ. ಅನಂತರ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ವಾಹನ ಹಾಯದ ಸೇತುವೆಯೂ ಊರಿಗೆ ದೊಡ್ಡ ಉಪಕಾರವೆಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು.

ಪಾದಚಾರಿಗಳಿಗೆ ಅಡ್ಡಿಯಿಲ್ಲದ ಕಾಲುದಾರಿ ಸಂವಿಧಾನದ 21ನೆಯ ವಿಧಿಯ ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಆದ್ದರಿಂದ ಬೆಟ್ಟದ ಹಾದಿಗೆ ನೆರಳು, ನೀರು, ಕೈಹಿಡಿ, ಹಳಿಗೆ ದಾಟುದಾರಿ, ಪೇಟೆಗೆ ಕಾಲುದಾರಿ ಎಂದು ಕೇಳುವುದು ಬೇಡಿಕೊಳ್ಳುವುದಲ್ಲ, ಹಕ್ಕನ್ನು ನೆನಪಿಸುವುದು.

ಈ ಭಾನುವಾರ ಮಕ್ಕಳ ಕೈಹಿಡಿದು ಮನೆಯಿಂದ ಶಾಲೆಯವರೆಗೆ ನಡೆಯಿರಿ. ಎಲ್ಲಿ ರಸ್ತೆಗೆ ಇಳಿಯಬೇಕಾಯಿತು, ಎಲ್ಲಿ ದಾಟಲು ಹೆದರಿಕೆಯಾಯಿತು ಎಂಬುದನ್ನು ಅವರೇ ಕನ್ನಡದಲ್ಲಿ ಬರೆಯಲಿ. ಅದರ ಕೆಳಗೆ ತೆಲುಗಿನಲ್ಲಿಯೂ ಬರೆದು ನಿಮ್ಮ ವಾರ್ಡಿನ ಕೌನ್ಸಿಲರರಿಗೆ ಕೊಡಿ. ಊರಿನ ಕಾಲುದಾರಿಯ ನಕ್ಷೆಯನ್ನು ಅದರಲ್ಲಿ ದಿನವೂ ನಡೆಯುವವರಿಗಿಂತ ಚೆನ್ನಾಗಿ ಬಲ್ಲವರು ಯಾರು?