ಗೋಡೆಯೊಳಗಿನ ನೀರು

ಕಣ್ಣಿಗೆ ಪೊರೆ ಬಂದ ಮೇಲೆ ಅಮ್ಮಿ ಮನೆಯನ್ನೆಲ್ಲ ಕಿವಿಯಿಂದಲೇ ನೋಡುತ್ತಿದ್ದರು. ಒಂದು ಮಳೆಗಾಲದ ರಾತ್ರಿ ನನ್ನನ್ನು ಎಬ್ಬಿಸಿ, "ಬೇಟಾ, ಹಿತ್ತಿಲ ಗೋಡೆಯೊಳಗೆ ನೀರು ಇಳೀತಾ ಇದೆ" ಎಂದರು. ಟಾರ್ಚ್ ಹಿಡಿದು ಹೋಗಿ ನೋಡಿದೆ. ಗೋಡೆಯ ಮೇಲೆ ಒಂದು ಹನಿಯೂ ಇರಲಿಲ್ಲ. "ಏನೂ ಇಲ್ಲ, ಮಲಗಿ ಅಮ್ಮಿ" ಎಂದೆ. ಮೂರನೆಯ ದಿನ ಗೋಡೆ ಕುಸಿದು, ಪಕ್ಕದಲ್ಲಿ ಕಟ್ಟಿದ್ದ ಮೇಕೆ ಮಣ್ಣಿನಡಿ ಸತ್ತಿತು. ಅಮ್ಮಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಅಲಾಸ್ಕಾದಲ್ಲಿ ತಿಮಿಂಗಿಲಗಳನ್ನು ಎಣಿಸಿದ ಕಥೆ ಓದುವಾಗ ನನಗೆ ಆ ಟಾರ್ಚ್ ನೆನಪಾಯಿತು.

ಅಲಾಸ್ಕಾದ ಉತ್ತರದ ತುದಿಯಲ್ಲಿ ಬ್ಯಾರೋ ಎಂಬ ಊರಿದೆ. 2016ರಲ್ಲಿ ಅದು ತನ್ನ ಹಳೆಯ ಹೆಸರಾದ ಉಟ್‌ಕಿಯಾಗ್ವಿಕ್ ಅನ್ನು ಮರಳಿ ಪಡೆಯಿತು. ಅಲ್ಲಿನ ಇನುಪಿಯಾಟ್ ಜನರಿಗೆ ಬೋಹೆಡ್ ತಿಮಿಂಗಿಲವೇ ಅನ್ನ, ಅದೇ ಹಬ್ಬ. ಬೋಹೆಡ್‌ಗಳು ಎರಡು ಸಾವಿರವೂ ಉಳಿದಿಲ್ಲವೆಂಬ ಅಂದಾಜಿನ ಮೇಲೆ 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಬೇಟೆಯನ್ನು ನಿಷೇಧಿಸಿತು. ಜನ ಪ್ರತಿಭಟಿಸಿದ ಮೇಲೆ ಬೆರಳೆಣಿಕೆಯಷ್ಟು ತಿಮಿಂಗಿಲಗಳಿಗೆ ಮಾತ್ರ ಅನುಮತಿ ಸಿಕ್ಕಿತು.

"ನೀವು ಕಂಡದ್ದನ್ನಷ್ಟೇ ಎಣಿಸುತ್ತೀರಿ" ಎಂಬುದು ಬೇಟೆಗಾರರ ತಕರಾರು. ವಸಂತದಲ್ಲಿ ವಲಸೆ ಹೋಗುವ ತಿಮಿಂಗಿಲಗಳಲ್ಲಿ ಹಲವು ಕಣ್ಣಿಗೆ ಎಟುಕದ ದೂರದಲ್ಲಿ, ಮಂಜುಗಡ್ಡೆಯ ಕೆಳಗೇ ಸಾಗುತ್ತವೆ ಎಂದು ಅವರು ಹೇಳುತ್ತಿದ್ದರು. ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಇದನ್ನು ಟಾಮ್ ಆಲ್ಬರ್ಟ್ ಎಂಬ ಪಶುವೈದ್ಯ ವಿಜ್ಞಾನಿಗೆ ಬಿಡಿಸಿ ಹೇಳಿದರು. ಆಲ್ಬರ್ಟ್ ಆ ಮಾತನ್ನು ತಳ್ಳಿಹಾಕಲಿಲ್ಲ.

1980ರ ದಶಕದಲ್ಲಿ ಮಂಜುಗಡ್ಡೆಯ ಅಂಚಿನುದ್ದಕ್ಕೂ ಹೈಡ್ರೋಫೋನ್‌ಗಳನ್ನು, ಅಂದರೆ ನೀರೊಳಗಿನ ಮೈಕುಗಳನ್ನು ಇಳಿಬಿಟ್ಟರು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಒಂದೇ ಕೂಗು ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ಕ್ಷಣ ತಡವಾಗಿ ಮುಟ್ಟುತ್ತದೆ. ಆ ವ್ಯತ್ಯಾಸದಿಂದಲೇ ತಿಮಿಂಗಿಲ ಎಲ್ಲಿದೆಯೆಂದು ಗೊತ್ತಾಗುತ್ತದೆ. ಆದರೆ ಒಂದೇ ತಿಮಿಂಗಿಲ ಹತ್ತು ಸಲ ಕೂಗಬಹುದು, ಇನ್ನೊಂದು ಸುಮ್ಮನೆ ದಾಟಿಹೋಗಬಹುದು. ಆದ್ದರಿಂದ ಕೂಗುಗಳ ಜಾಡನ್ನೂ ಕಣ್ಣಿನ ಎಣಿಕೆಯನ್ನೂ ಹೊಂದಿಸಿ ಲೆಕ್ಕ ಹಾಕಿದರು. ದೂರದಲ್ಲಿ, ಮಂಜುಗಡ್ಡೆಯ ಕೆಳಗೆ ತಿಮಿಂಗಿಲಗಳು ನಿಜಕ್ಕೂ ಹೋಗುತ್ತಿದ್ದವು. 1993ರ ಎಣಿಕೆ ಸುಮಾರು ಎಂಟು ಸಾವಿರಕ್ಕೆ ಬಂತು. 2011ರದು ಹದಿನಾರು ಸಾವಿರ ದಾಟಿತು. ನಡುವೆ ಸಂತತಿ ಬೆಳೆದದ್ದೂ ನಿಜ. ಆದರೆ ಮೊದಲ ಲೆಕ್ಕ ತಪ್ಪೆಂದ ಬೇಟೆಗಾರರ ಮಾತೂ ನಿಜವಾಗಿತ್ತು.

ಆಲ್ಬರ್ಟ್ ಬೇಟೆಗಾರರ ಮಾತನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಅದನ್ನು ಪರೀಕ್ಷಿಸಲು ಯೋಗ್ಯವೆಂದು ತಿಳಿದರು. ಆ ರಾತ್ರಿ ಅಮ್ಮಿಗೂ ನನ್ನಿಂದ ಬೇಕಾಗಿದ್ದದ್ದು ಅಷ್ಟೇ. ಟಾರ್ಚ್ ಆರಿಸಿ, ಗೋಡೆಗೆ ಒಮ್ಮೆ ಕಿವಿಯಿಟ್ಟು ಬರಬಹುದಿತ್ತು.