ಪಕ್ಕದ ಮನೆಯವರ ಸಾಕ್ಷಿ

ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ಕಾಫಿ ಕುಡೀತಾ ನಿಂತಿದ್ದೆ. ಪಕ್ಕದಲ್ಲೊಬ್ಬರು ಫೋನಲ್ಲಿ ಯಾವುದೋ ಹುಡುಗನ ಮನೆತನ ವಿಚಾರಿಸ್ತಿದ್ದರು: "ಅಕ್ಕಪಕ್ಕದವರು ಏನಂತಾರೆ?"

ತಲೆಗೆ ಬಂದಿದ್ದು ಅಮೆರಿಕದ ಜೋಸೆಫ್ ಸ್ಮಿತ್, ಮಾರ್ಮನ್ ಪಂಥ ಕಟ್ಟಿದವನು. 1833ರಲ್ಲಿ, ಆ ಪಂಥದಿಂದ ಹೊರಹಾಕಿಸಿಕೊಂಡ ಹರ್ಲ್‌ಬಟ್ ಎಂಬಾತ ಸ್ಮಿತ್ ಮನೆಯವರ ಹಳೇ ನೆರೆಹೊರೆಯವರ ಹತ್ತಿರ ಹೋಗಿ ಹೇಳಿಕೆ ಬರೆಸಿಕೊಂಡ. ಸೋಮಾರಿಗಳು, ಕುಡುಕರು, ನಿಧಿ ಅಗೆಯೋರು ಅಂತ. ಪಾಲ್ಮೈರಾ ಊರಿನ ಒಂದೇ ಹೇಳಿಕೆಗೆ 51 ಜನರ ಸಹಿ! ಕೇಳೋಕೆ ಹೋದವನಿಗೇ ಹಗೆ ಇದ್ದಾಗ ಉತ್ತರ ಇನ್ನೇನು ಬರುತ್ತೆ? ಆದ್ರೂ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಬೆಳ್ಳಿ ಗಣಿ ಹುಡುಕೋಕೆ ಕೂಲಿಗೆ ಅಗೆದಿದ್ದೆ ಅಂತ ಸ್ಮಿತ್ ತಾನೇ ಒಪ್ಪಿಕೊಂಡಿದ್ದಾನೆ.

ಈ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನವರದೂ ಹೀಗೇ ಅಲ್ವಾ? ಧರಣಿಪಂಡಿತನ ಜೈನಕೃತಿ 'ಬಿಜ್ಜಳರಾಯಚರಿತೆ' ದೊರೆ ಬಿಜ್ಜಳನ ಸಾವಿನ ಹೊಣೆಯನ್ನು ಅವರ ಮೇಲೇ ಹೊರಿಸುತ್ತೆ, ಅವರ ಸೋದರಿಯನ್ನೂ ಬಿಡಲ್ಲ. 1584ರ ವೀರಶೈವ ಕೃತಿ ಚೆನ್ನಬಸವಪುರಾಣದಲ್ಲಿ ಕೊಂದವರಲ್ಲಿ ಒಬ್ಬ ಜಗದೇವನೆಂಬ ಶರಣ. ಎರಡೂ ಘಟನೆಯಾಗಿ ಶತಮಾನಗಳ ಮೇಲೆ ಬರೆದದ್ದು. ಪಾಲ್ಮೈರಾದವರಾದರೂ ಸ್ಮಿತ್ ಮನೆಯವರನ್ನು ಕಣ್ಣಾರೆ ಕಂಡವರು. ಆದರೆ ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣ ದೊಡ್ಡ ಅಧಿಕಾರದಲ್ಲಿದ್ದರು ಅನ್ನೋದಕ್ಕೆ ಎರಡೂ ಕಡೆಯವರ ತಕರಾರಿಲ್ಲ. ನಾನಂತೂ ಹಗೆಯವರ ಬೈಗುಳ ಸೋಸಿ, ಇಂಥ ವಿವರ ಮಾತ್ರ ಇಟ್ಕೋತೀನಿ (ಭಕ್ತರ ಹೊಗಳಿಕೆಗೂ ಅದೇ ಜರಡಿ, ಬೇಜಾರಾಗಬೇಡಿ).

ಹಗೆಯವರ ಬಾಯಿಂದ ಬಂದ ಒಳ್ಳೇ ಮಾತಿಗೆ ನೀವು ಎಷ್ಟು ತೂಕ ಕೊಡ್ತೀರಿ?